ಗ್ಲೌಸ್ ದಪ್ಪವಿದ್ದರೆ ಸಾಲದು



ಡಿಸೆಂಬರ್, ಜನವರಿಯಲ್ಲಿ ನಮ್ಮ ಊಟಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಕ್ರಿಸ್‌ಮಸ್ ರಾತ್ರಿಯ ಬಲಿಪೂಜೆ ಮುಗಿಸಿ ಕೂನೂರು, ಕೋಟಗಿರಿ ಕಡೆ ಬೈಕಿನಲ್ಲಿ ಹೊರಡುವ ಹಲವರ ಕೈಯಲ್ಲಿರುವುದು ಉಣ್ಣೆಯ ಗ್ಲೌಸ್. ನಡೆದು ಹೋಗಲು ಅದು ಸಾಕು; ಬೈಕಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಕಾರಣ ಗಾಳಿ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಬರಿಯ ಚರ್ಮಕ್ಕೆ ಅದು ಸೊನ್ನೆಗಿಂತ ಕೆಳಗಿನ ಚಳಿಯಂತೆ ತಾಗುತ್ತದೆ. ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಮಂಜಿಗೆ ಉಣ್ಣೆ ನೆನೆದರೆ ಇನ್ನೂ ಕಷ್ಟ. ಬೆರಳು ಮರಗಟ್ಟಿದರೆ ತಿರುವಿನಲ್ಲಿ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಹಿಂದೆ ಕುಳಿತ ತಂಗಿಯ ಜೀವವೂ ಆ ಬೆರಳುಗಳಲ್ಲೇ ಇದೆ.

ಹಾಗೆಂದು ಅತಿ ದಪ್ಪದ್ದನ್ನು ಕೊಳ್ಳಬೇಡಿ. ಅದರಲ್ಲಿ ಬ್ರೇಕ್, ಕ್ಲಚ್ ಎಷ್ಟು ಒತ್ತಿದೆವೆಂದು ತಿಳಿಯುವುದಿಲ್ಲ. ತೀರಾ ಬಿಗಿಯಾದದ್ದೂ ಬೇಡ. ರಕ್ತ ಸರಿಯಾಗಿ ಓಡಾಡದೆ ಕೈ ಇನ್ನಷ್ಟು ತಣ್ಣಗಾಗುತ್ತದೆ. ಹೊರಗೆ ಗಾಳಿ, ನೀರು ತಡೆಯುವ ಪದರ, ಒಳಗೆ ಬೆಚ್ಚನೆಯ ತೆಳು ಲೈನಿಂಗ್, ಅಂಗೈಯಲ್ಲಿ ಗಟ್ಟಿ ಚರ್ಮ, ಮಣಿಕಟ್ಟು ದಾಟಿ ಜಾಕೆಟ್ಟಿನ ತೋಳನ್ನು ಮುಚ್ಚುವಷ್ಟು ಉದ್ದ: ಇಷ್ಟಿದ್ದರೆ ಒಳ್ಳೆಯದು. ದುಡ್ಡು ಕೊಡುವ ಮೊದಲು ಹಾಕಿಕೊಂಡು ಮುಷ್ಟಿ ಕಟ್ಟಿ, ನಿಮ್ಮ ಬೈಕಿನ ಲಿವರ್ ಹಿಡಿದು, ಇಂಡಿಕೇಟರ್ ಒತ್ತಿ ನೋಡಿ.

ಹೆತ್ತವರೇ, ಈ ಹಬ್ಬಕ್ಕೆ ಮಗನಿಗೆ ಇನ್ನೊಂದು ಅಂಗಿಯ ಬದಲು ಒಳ್ಳೆಯ ಗ್ಲೌಸ್ ಕೊಡಿಸಿ. ಮಗಳು ಗಾಡಿ ಓಡಿಸುತ್ತಿದ್ದರೆ ಅವಳಿಗೂ ಕೊಡಿಸಿ. ಅಲ್ಲಿಯವರೆಗೆ, ಮಿತ್ರರೇ, ನಿಧಾನವಾಗಿ ಓಡಿಸಿ. ಬೆರಳು ಜೋಮು ಹಿಡಿದರೆ ನಿಲ್ಲಿಸಿ, ಕೈ ಬೆಚ್ಚಗಾದ ಮೇಲೆಯೇ ಹೊರಡಿ.