ಪಕ್ಕದ ಮನೆಯ ಕರೆಂಟ್ ಬಿಲ್

"ನೆರೆಯವರಿಗಿಂತ ನೀವು ಹೆಚ್ಚು ಕರೆಂಟ್ ಬಳಸಿದ್ದೀರಿ" ಎಂಬ ಕಾಗದ ಇಲ್ಲಿ ಅಮೆರಿಕದಲ್ಲಿ ನಮ್ಮಲ್ಲಿ ಅನೇಕರಿಗೆ ಬಂದಿರುತ್ತದೆ. ಇದರ ಬೇರು ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿದೆ. ಅಲ್ಲಿ ಮನಃಶಾಸ್ತ್ರಜ್ಞರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರೆಹೊರೆಯ ಸರಾಸರಿ ತಿಳಿದ ಮೇಲೆ ಹೆಚ್ಚು ಬಳಸುತ್ತಿದ್ದವರು ಇಳಿಸಿದರು. ತಮಾಷೆಯೆಂದರೆ, ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು! ಚೀಟಿಯ ಮೇಲೊಂದು ನಗುಮುಖ ಬರೆದುಕೊಟ್ಟಾಗ ಮಾತ್ರ ಅವರು ಹಿಡಿತದಲ್ಲಿ ಉಳಿದರು.

ಓಪವರ್ ಕಂಪನಿ ಇದನ್ನೇ ವ್ಯಾಪಾರವಾಗಿಸಿತು. ಅದರ ಸುಮಾರು 6 ಲಕ್ಷ ಮನೆಗಳ ಲೆಕ್ಕ ನೋಡಿದ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ತೋರಿಸಿದ ಉಳಿತಾಯ ಸರಾಸರಿ ಶೇ. 2. ಸಣ್ಣದೇ, ಆದರೆ ಖರ್ಚೂ ಬರೀ ಕಾಗದದ್ದು.

ಅಪ್ಪ ಅಮ್ಮ ಊರಿಂದ ಬಂದಿದ್ದಾಗ ನಮಗೂ ಈ ಛೀಮಾರಿ ಬಂತು. ಅದರಲ್ಲಿ ಮನೆಯ ಅಳತೆಯಿತ್ತು, ಒಳಗಿರುವ ತಲೆಗಳ ಲೆಕ್ಕವಿರಲಿಲ್ಲ. ಅಮ್ಮ ಅಂದೇ ಹೀಟರ್ ತಗ್ಗಿಸಿ ಸ್ವೆಟರ್ ಹಾಕಿಕೊಂಡು ಕೂತರು.