ಯಾವ ಮಗುವಿಗೆ ಯಾವ ಕಥಾಮಾಲೆ?

ಕಳೆದ ತಿಂಗಳು ಒಂದು ನಿಕಾಹ್‌ಗೆ ಹೋಗಿದ್ದೆ. ಊಟಕ್ಕೆ ಕರೆಯುವುದನ್ನೇ ಕಾಯುತ್ತಾ ಕುಳಿತಿದ್ದಾಗ ದೂರದ ಸಂಬಂಧದ ತಂಗಿಯೊಬ್ಬಳು ಬಳಿ ಬಂದು, “ಆಪಾ, ನನ್ನ ಮಗನಿಗೆ ಹನ್ನೆರಡು ತುಂಬಿತು. ಕೈಯಿಂದ ಮೊಬೈಲು ಇಳಿಯುವುದಿಲ್ಲ. ಈ ವಯಸ್ಸಿನವರಿಗೆ ಯಾವ ಕಥೆ ಪುಸ್ತಕ ಕೊಡಿಸಬೇಕು, ಹೇಳಿ” ಎಂದು ಕೇಳಿದಳು. ನಾಲ್ಕಾರು ಹೆಸರುಗಳನ್ನು ಕೂಡಲೇ ಹೇಳಿಬಿಡಬಹುದಿತ್ತು. ಆದರೆ ನಾಲಿಗೆ ತಡೆಯಿತು. ಇದೇ ಪ್ರಶ್ನೆಗೆ ನನ್ನ ಸ್ವಂತ ಮನೆಯಲ್ಲೇ ನಾನೊಮ್ಮೆ ತಪ್ಪು ಉತ್ತರ ಕಂಡುಕೊಂಡಿದ್ದೆ.

ನನ್ನ ದೊಡ್ಡ ಮಗನಿಗೆ ಹನ್ನೊಂದಾದ ವರ್ಷ ಈದ್‌ಗೆಂದು ಇಂಗ್ಲಿಷ್ ಕಾದಂಬರಿಗಳ ಒಂದು ಮಾಲೆಯನ್ನೇ ಪೆಟ್ಟಿಗೆ ಸಮೇತ ತಂದುಕೊಟ್ಟೆ. ‘ಹನ್ನೊಂದು ವರ್ಷದವರಿಗೆ’ ಎಂದು ಅಂಗಡಿಯವರು ಹೇಳಿದ್ದರು. ಮೊದಲ ಪುಸ್ತಕದ ಹತ್ತು ಪುಟ ದಾಟಲಿಲ್ಲ, ಪೆಟ್ಟಿಗೆ ಕಪಾಟು ಸೇರಿತು. ಮನೆಗೆ ಬಂದವರ ಮುಂದೆಲ್ಲಾ “ಇವನಿಗೆ ಓದಿನ ರುಚಿಯೇ ಇಲ್ಲ” ಎಂದು ಹೇಳುತ್ತಾ ಬಂದೆ. ಒಂದು ರಾತ್ರಿ ದೀಪ ಆರಿಸಿದ ಮೇಲೆ ಅವನು ಮೆಲ್ಲನೆ ಹೇಳಿದ: “ಅಮ್ಮೀ, ನನಗೆ ಓದಬೇಕು ಅಂತ ಆಸೆ ಇದೆ. ಆದರೆ ಪುಟದ ಕೊನೆಗೆ ಬರುವಷ್ಟರಲ್ಲಿ ಮೇಲೆ ಏನಿತ್ತು ಅಂತ ಮರೆತುಹೋಗ್ತದೆ.” ಅಂದು ನನಗೆ ನಿದ್ದೆ ಬರಲಿಲ್ಲ. ನಾನು ಅವನ ವಯಸ್ಸನ್ನು ನೋಡಿದ್ದೆ, ಅವನ ಓದನ್ನು ನೋಡಿರಲಿಲ್ಲ.

ಸಹೋದರಿಯರೇ, ನಮ್ಮ ಮನೆಗಳ ಸ್ಥಿತಿಯನ್ನು ಒಮ್ಮೆ ಯೋಚಿಸಿ. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ. ಶಾಲೆಯಲ್ಲಿ ಇಂಗ್ಲಿಷ್. ಬೀದಿಯಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಅಕ್ಷರ. ಒಂದೇ ಮಗು ಇಂಗ್ಲಿಷನ್ನು ಐದನೇ ತರಗತಿಯ ಮಟ್ಟದಲ್ಲಿ ಓದುತ್ತಾ, ಕನ್ನಡದಲ್ಲಿ ಎರಡನೇ ತರಗತಿಯಲ್ಲೇ ನಿಂತಿರಬಹುದು. ಅದು ದಡ್ಡತನವಲ್ಲ. ಹಾಗಾಗಿ ‘ಯಾವ ವಯಸ್ಸಿಗೆ ಯಾವ ಪುಸ್ತಕ’ ಎಂದು ಕೇಳುವ ಬದಲು ‘ಯಾವ ಭಾಷೆಯಲ್ಲಿ ನನ್ನ ಮಗು ಎಲ್ಲಿದೆ’ ಎಂದು ಕೇಳಿಕೊಳ್ಳಬೇಕು.

ಇದನ್ನು ತಿಳಿಯಲು ಸುಲಭ ಉಪಾಯವಿದೆ. ಪುಸ್ತಕದ ನಡುವಿನ ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪ್ರತಿ ಪದಕ್ಕೂ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವ ಮುನ್ನ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಭಾರ. ಕನ್ನಡದಲ್ಲಾದರೆ ಒತ್ತಕ್ಷರಗಳ ಬಳಿ ಮಗು ಎಷ್ಟು ಸಲ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ. ಓದುವಾಗ ತಿದ್ದಲು ಹೋಗಬೇಡಿ, ಸುಮ್ಮನೆ ಕೇಳಿ.

ಬಿಡಿ ಪುಸ್ತಕಕ್ಕಿಂತ ಕಥಾಮಾಲೆ ಏಕೆ ಒಳ್ಳೆಯದು? ತಡವರಿಸಿ ಓದುವ ಮಗುವಿಗೆ ಪ್ರತಿ ಹೊಸ ಪುಸ್ತಕವೂ ಅಪರಿಚಿತರ ಮನೆ. ಯಾರು ಯಾರು, ಊರು ಯಾವುದು ಎಂದು ತಿಳಿಯುವುದರಲ್ಲೇ ದಣಿವಾಗುತ್ತದೆ. ಮಾಲೆಯ ಎರಡನೆಯ ಪುಸ್ತಕ ತೆರೆದಾಗಲಾದರೋ ಎಲ್ಲರೂ ಗುರುತಿನವರೇ. ಅವೇ ಹೆಸರುಗಳು, ಅವೇ ಪದಗಳು ಮತ್ತೆ ಮತ್ತೆ ಬರುವುದರಿಂದ ಓದು ತಾನಾಗಿ ಸರಾಗವಾಗುತ್ತದೆ.

ಕನ್ನಡದಲ್ಲಿ ಮೊದಲ ಹೆಜ್ಜೆಗೆ ನಾನು ಹೇಳುವುದು ಪ್ರಥಮ್ ಬುಕ್ಸ್ ಪುಸ್ತಕಗಳನ್ನು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಈ ಸಂಸ್ಥೆ ತನ್ನ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮೊದಲ ಹಂತದಲ್ಲಿ ಹೆಚ್ಚೆಂದರೆ 250 ಪದ, ಎರಡನೆಯದರಲ್ಲಿ 600, ಮೂರನೆಯದರಲ್ಲಿ 1,500, ನಾಲ್ಕನೆಯದರಲ್ಲಿ ಅದಕ್ಕೂ ಹೆಚ್ಚು. ಅವರ ‘ಸ್ಟೋರಿವೀವರ್’ ತಾಣದಲ್ಲಿ 2015ರಿಂದ ಕಥೆಗಳನ್ನು ಉಚಿತವಾಗಿ ಓದಬಹುದು. ಭಾಷೆ, ಹಂತ ಎರಡನ್ನೂ ನೀವೇ ಆರಿಸಿಕೊಳ್ಳಬಹುದು. ಮೊಬೈಲಿನ ಮೇಲೆ ನಮಗೆಷ್ಟು ಸಿಟ್ಟಿದ್ದರೂ ಈ ಒಂದು ವಿಷಯಕ್ಕೆ ಅದನ್ನು ಕ್ಷಮಿಸಬಹುದು!

ಇವುಗಳಲ್ಲಿ ರೋಹಿಣಿ ನಿಲೇಕಣಿಯವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ಉದ್ದ ಕೂದಲಿನ ಈ ರೈತ ವರ್ಷಕ್ಕೆ ಒಂದೇ ಸಲ ಕ್ಷೌರ ಮಾಡಿಸುವವನು. ಆ ದಿನ ಬಂದಾಗ ಕ್ಷೌರಿಕನಿಗೇ ಪುರುಸೊತ್ತಿಲ್ಲ. ಪಾಪ, ಒಬ್ಬೊಬ್ಬರ ಬಳಿ ಹೋಗಿ ಕೇಳುತ್ತಾನೆ, ಯಾರಿಗೂ ಬಿಡುವಿಲ್ಲ. ಕೊನೆಗೆ ಕೂದಲಿನ ಗತಿ ಏನಾಯಿತು ಎಂದು ನಾನು ಹೇಳುವುದಿಲ್ಲ, ನಿಮ್ಮ ಮಕ್ಕಳಿಂದಲೇ ಕೇಳಿ. ಇನ್ನೊಂದು ಕಥೆಯಲ್ಲಿ ಅವನ ತೋಟದಲ್ಲಿ ಬಾಳೆಹಣ್ಣು ಹೇರಳವಾಗಿ ಬೆಳೆದು, ಕೊಡುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲ.

ಹನ್ನೊಂದರ ಹುಡುಗನಿಗೆ ಇಂಥ ಚಿತ್ರದ ಪುಸ್ತಕ ಕೊಟ್ಟರೆ ಅವಮಾನವೆನಿಸದೇ? ಖಂಡಿತ ಎನಿಸುತ್ತದೆ. ಅದಕ್ಕೆ ನಾನು ಮಾಡಿದ ಉಪಾಯ ಹೇಳುತ್ತೇನೆ. “ನನಗೆ ಅಡುಗೆ ಕೆಲಸವಿದೆ, ತಂಗಿಗೆ ಇದನ್ನು ನೀನೇ ಓದಿ ಹೇಳು” ಎಂದೆ. ಈಗ ಅವನು ಕಲಿಯುವವನಲ್ಲ, ಕಲಿಸುವವನು. ತಂಗಿ ಅದೇ ಕಥೆಯನ್ನು ನಾಲ್ಕು ರಾತ್ರಿ ಕೇಳಿದಳು. ನಾಲ್ಕನೆಯ ರಾತ್ರಿ ನನ್ನ ಮಗ ಒಂದು ಒತ್ತಕ್ಷರಕ್ಕೂ ನಿಲ್ಲಲಿಲ್ಲ. ಕನ್ನಡ ಓದಲು ಬಾರದ ನನ್ನ ಅಮ್ಮಿಯೂ ತಸ್ಬೀಹ್ ಕೈಯಲ್ಲಿ ಹಿಡಿದು ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. ಮರುದಿನ “ಆ ಕೂದಲಿನವನ ಕಥೆ ಇವತ್ತಿಲ್ಲವಾ?” ಎಂದು ಮೊದಲು ಕೇಳಿದವರೂ ಅವರೇ.

ಇಂಗ್ಲಿಷ್‌ನಲ್ಲಿ ಈಗಷ್ಟೇ ಸಣ್ಣ ವಾಕ್ಯಗಳನ್ನು ಓದುವ ಮಕ್ಕಳಿಗೆ ಸಾದಿಯಾ ಫಾರೂಕಿ ಅವರ ‘ಯಾಸ್ಮಿನ್’ ಮಾಲೆ ಬಹಳ ಹಿಡಿಸುತ್ತದೆ. ಇದು 2018ರಿಂದ ಬರುತ್ತಿದೆ. ಯಾಸ್ಮಿನ್ ಅಮೆರಿಕದಲ್ಲಿ ಎರಡನೇ ತರಗತಿ ಓದುವ ಪಾಕಿಸ್ತಾನಿ ಮೂಲದ ಹುಡುಗಿ. ಮನೆಯಲ್ಲಿ ನಾನಾ, ನಾನಿ ಇದ್ದಾರೆ, ಕೊನೆಯ ಪುಟಗಳಲ್ಲಿ ಕೆಲವು ಉರ್ದು ಪದಗಳನ್ನೂ ಕಲಿಸುತ್ತಾರೆ. ಕಥೆಯಲ್ಲಿ ದೊಡ್ಡ ಉಪದೇಶವೇನೂ ಇಲ್ಲ. ಒಂದು ಸಣ್ಣ ತೊಡಕು, ಅದಕ್ಕೆ ಹುಡುಗಿಯೇ ಹುಡುಕುವ ದಾರಿ, ಅಷ್ಟೇ. “ಇವಳ ನಾನಿ ನಮ್ಮ ನಾನಿಯ ಹಾಗೆಯೇ!” ಎಂದು ನನ್ನ ಸಣ್ಣವಳು ಪುಸ್ತಕ ಹಿಡಿದು ಓಡಿ ಬಂದಳು.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಎಂಟರಿಂದ ಹನ್ನೊಂದರವರಿಗೆ, ಬ್ರಿಟನ್ನಿನ ಝನೀಬ್ ಮಿಯಾನ್ ಬರೆದ ‘ಪ್ಲಾನೆಟ್ ಒಮರ್’. ಮೊದಲು 2017ರಲ್ಲಿ ‘ದಿ ಮುಸ್ಲಿಮ್ಸ್’ ಎಂದು ಬಂದ ಕಥೆ, 2019ರಿಂದ ಈ ಹೆಸರಿನ ಮಾಲೆಯಾಗಿ ಬೆಳೆಯಿತು. ಪುಟ ಪುಟದಲ್ಲೂ ಗೀಚು ಚಿತ್ರಗಳು, ದೊಡ್ಡ ಸಣ್ಣ ಅಕ್ಷರಗಳು. ಪುಟ ತುಂಬಾ ಅಕ್ಷರ ಕಂಡು ಹೆದರುವ ಮಕ್ಕಳಿಗೆ ಇದು ವರದಾನ. ಒಮರ್‌ನ ತಂದೆ ತಾಯಿ ಇಬ್ಬರೂ ವಿಜ್ಞಾನಿಗಳು, ತಾಯಿ ಹಿಜಾಬ್ ಧರಿಸುವವರು. ಹೊಸ ಮನೆಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಇವರನ್ನು ಹೆಸರಿನಿಂದ ಕರೆಯದೆ ‘ಮುಸ್ಲಿಮರು’ ಎಂದೇ ಫೋನಿನಲ್ಲಿ ವರದಿ ಮಾಡುತ್ತಿರುತ್ತಾಳೆ. ನಗುತ್ತಾ ಓದುತ್ತಿದ್ದ ನನ್ನ ಮಗ ಈ ಭಾಗಕ್ಕೆ ಬಂದಾಗ ತಲೆಯೆತ್ತಿ ನನ್ನ ಮುಖ ನೋಡಿದ. ಆ ಸಂಜೆ ಅವನು ತನ್ನ ಶಾಲಾ ಬಸ್ಸಿನಲ್ಲಿ ನಡೆದದ್ದೊಂದನ್ನು ಮೊದಲ ಬಾರಿ ನನಗೆ ಹೇಳಿದ. ಇಂಥ ಒಂದು ಮಾಲೆ ನಮ್ಮೂರಿನ ಹುಡುಗನೊಬ್ಬನನ್ನು ಇಟ್ಟುಕೊಂಡು ಕನ್ನಡದಲ್ಲಿ ಬರಬೇಕು. ಬರೆಯಬಲ್ಲ ಸಹೋದರಿಯರು ನಮ್ಮಲ್ಲಿ ಕಡಿಮೆಯೇ?

ಎನಿಡ್ ಬ್ಲೈಟನ್ ಹೆಸರು ನಿಮಗೆ ಗೊತ್ತೇ ಇದೆ. ‘ಸೀಕ್ರೆಟ್ ಸೆವೆನ್’ 15 ಪುಸ್ತಕಗಳು, ‘ಫೇಮಸ್ ಫೈವ್’ 21. ಮೊದಲಿನದು ಚಿಕ್ಕದು, ಸುಲಭ. ಅದನ್ನು ಮುಗಿಸಿಯೇ ಎರಡನೆಯದಕ್ಕೆ ಬನ್ನಿ. “ಅವರು ವನಭೋಜನಕ್ಕೆ ಹ್ಯಾಮ್ ತಿನ್ನುತ್ತಾರೆ, ಬಿಯರ್ ಕುಡಿಯುತ್ತಾರೆ” ಎಂದು ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಅದು ಜಿಂಜರ್ ಬಿಯರ್, ಶುಂಠಿಯ ಪಾನಕವಿದ್ದಂತೆ, ಅಮಲಿಲ್ಲ. ಹ್ಯಾಮ್ ನಿಜ. ಅವರು ತಿನ್ನುತ್ತಾರೆ, ನಾವು ತಿನ್ನುವುದಿಲ್ಲ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ನನ್ನ ತಕರಾರು ಬೇರೆಯೇ: ಸಾಹಸವೆಲ್ಲ ಮುಗಿದ ಮೇಲೆ ತಟ್ಟೆ ತೊಳೆಯುವವಳು ಹೆಚ್ಚಾಗಿ ಆನ್ ಏಕೆ? ಇದನ್ನು ನಿಮ್ಮ ಗಂಡುಮಕ್ಕಳಿಗೆ ಕೇಳಿ ನೋಡಿ. ಹ್ಯಾರಿ ಪಾಟರ್ 1997ರಿಂದ 2007ರವರೆಗೆ ಬಂದ ಏಳು ಸಂಪುಟಗಳು. ಮಾಟಮಂತ್ರದ ಕಥೆ ಬೇಕೇ ಬೇಡವೇ ಎಂಬುದು ನಿಮ್ಮ ಮನೆಯ ತೀರ್ಮಾನ. ಆದರೆ ನಾಲ್ಕನೆಯ ಸಂಪುಟದಿಂದ ಪುಸ್ತಕ ದಪ್ಪವಾಗುತ್ತದೆ, ಕಥೆಯೂ ಕರಾಳವಾಗುತ್ತದೆ. ಎಂಟರ ಮಗುವಿಗೆ ಏಳನ್ನೂ ಒಟ್ಟಿಗೆ ಕೊಡಬೇಡಿ.

ಸರಾಗವಾಗಿ ಓದುವವರಿಗೆ ಸತ್ಯಜಿತ್ ರೇ ಅವರ ಫೆಲುದಾ. ಬಂಗಾಳಿಯ ‘ಸಂದೇಶ್’ ಪತ್ರಿಕೆಯಲ್ಲಿ 1965ರಲ್ಲಿ ಶುರುವಾದ ಪತ್ತೇದಾರಿ ಕಥೆಗಳು. ಇಂಗ್ಲಿಷ್ ಅನುವಾದ ತಿಳಿಯಾಗಿದೆ. ಫೆಲುದಾ ಚಾರ್ಮಿನಾರ್ ಸಿಗರೇಟು ಸೇದುತ್ತಾನೆ, ಹೆಣ್ಣು ಪಾತ್ರಗಳಂತೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಕಥೆ ಹಿಡಿದರೆ ಬಿಡಿಸುವುದು ಕಷ್ಟ.

ಕನ್ನಡದಲ್ಲೇ ಉದ್ದದ ಓದಿಗೆ ಸಿದ್ಧರಾದವರಿಗೆ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಪುಟ್ಟ ಮನೆ’ಯ ಮಾಲೆಯಿದೆ. ಎಸ್. ಅನಂತನಾರಾಯಣ ಅದನ್ನು ಕನ್ನಡಕ್ಕೆ ತಂದಿದ್ದಾರೆ. ಅಮೆರಿಕದ ಬಯಲಿನಲ್ಲಿ ಬಡ ರೈತ ಕುಟುಂಬವೊಂದು ಬದುಕು ಕಟ್ಟುವ ಕಥೆ. ಹೆಣ್ಣುಮಕ್ಕಳು ಮೈಮರೆತು ಓದುತ್ತಾರೆ. ಆದರೆ ಅಲ್ಲಿನ ಮೂಲನಿವಾಸಿಗಳನ್ನು ಚಿತ್ರಿಸಿದ ಬಗೆಯಿಂದಾಗಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ 2018ರಲ್ಲಿ ಲೇಖಕಿಯ ಹೆಸರಿನ ಪ್ರಶಸ್ತಿಗೆ ಬೇರೆ ಹೆಸರಿಟ್ಟಿತು. ಆದ್ದರಿಂದ ಈ ಮಾಲೆಯನ್ನು ಜೊತೆಯಲ್ಲಿ ಕುಳಿತು ಓದುವುದು ಲೇಸು. ಗಂಡುಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಶಿಕಾರಿ ಬರಹಗಳನ್ನು ಆಧರಿಸಿ ಬರೆದ ‘ಕಾಡಿನ ಕಥೆಗಳು’ ಕೊಡಿ, ನಾಲ್ಕು ಭಾಗಗಳಿವೆ. ಹೈಸ್ಕೂಲು ಮುಗಿಸುವವರು ಬೊಳುವಾರು ಮಹಮದ್ ಕುಂಞಿ ಅವರ ಮುತ್ತುಪ್ಪಾಡಿಯ ಕಥೆಗಳಿಗೆ ಬರಬಹುದು. ಕಥೆಗಳು ಬೇರೆ ಬೇರೆಯಾದರೂ ಊರು ಒಂದೇ ಆಗಿರುವುದರಿಂದ ಅದೂ ಒಂದು ಬಗೆಯ ಮಾಲೆಯೇ.

ಇಷ್ಟೆಲ್ಲಾ ಕೊಳ್ಳಲು ಹಣವೆಲ್ಲಿ ಎನ್ನಬೇಡಿ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ನಮ್ಮ ರಾಜ್ಯದ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಹೆಣ್ಣುಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ ಹೆಸರು ಬರೆಸಿ. ಮಾಲೆಯ ಒಂದೇ ಪುಸ್ತಕ ತನ್ನಿ, ಮುಗಿದ ಮೇಲೆ ಮುಂದಿನದು.

ನಿಕಾಹ್‌ನಲ್ಲಿ ಸಿಕ್ಕ ತಂಗಿಗೆ ಅಂದು ಹೇಳಿದ್ದು ಇಷ್ಟೇ: “ಮೊದಲು ಒಂದು ಪುಟ ಓದಿಸಿ ಕೇಳು, ಆಮೇಲೆ ಫೋನು ಮಾಡು.” ಮೊನ್ನೆ ಫೋನು ಬಂತು. ಇಂಗ್ಲಿಷ್‌ನಲ್ಲಿ ಎರಡೇ ಬೆರಳು ಮಡಚಿದನಂತೆ, ಕನ್ನಡದಲ್ಲಿ ಅರ್ಧ ಪುಟಕ್ಕೇ ಐದೂ ಬೆರಳು. “ಆಪಾ, ನಾನು ಬೈಯಲಿಲ್ಲ” ಎಂದಳು. ಇಂಗ್ಲಿಷ್‌ಗೆ ಒಮರ್, ಕನ್ನಡಕ್ಕೆ ಶೃಂಗೇರಿ ಶ್ರೀನಿವಾಸ ಎಂದೆ. ಅವಳ ಮನೆಯಲ್ಲೂ ಒಬ್ಬಳು ಪುಟ್ಟ ತಂಗಿಯಿದ್ದಾಳೆ.