ಸೊಂಟನೋವು ಫೈಲಿಗೆ ಬರಲಿ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ – ಯಾವ ಆಸ್ಪತ್ರೆಗೆ ಹೋದರೂ ರೋಗಿಯನ್ನು ಎತ್ತೋದು, ಹೊರಳಿಸೋದು ನಾ ಕಂಡಂಗ ಬಹುಪಾಲು ನಮ್ಮ ಕೇರಿಯ ಗುತ್ತಿಗೆ ಮಂದಿ.

ದೊಡ್ಡ ಕರುಳಿನ ಎಂಡೋಸ್ಕೋಪಿಯಲ್ಲಿ ಡಾಕ್ಟರು ಕೊಳವೆ ಹಿಡಿದರೆ, ಬಗ್ಗಿ ರೋಗಿಯ ಹೊಟ್ಟೆ ಒತ್ತಿ ಹಿಡಿಯೋರು ಸಹಾಯಕರು. ಡಾಕ್ಟರ ಹೆಬ್ಬೆರಳು, ಕುತ್ತಿಗೆ ಉಳಿಸಲು ಅಮೆರಿಕದ ಎಂಡೋಸ್ಕೋಪಿ ವೈದ್ಯರ ಸಂಘ 2023ರಲ್ಲಿ ಮಾರ್ಗಸೂಚಿ ತಂತು. ಒಳ್ಳೇದು. ಸಹಾಯಕರ ಸೊಂಟಕ್ಕೆ ಯಾರದಾರ? ನಮ್ಮ ಹಿಂದಿನ 1923ರ ಪರಿಹಾರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೊಂಟನೋವು ಸೇರಿರಲೇ ಇಲ್ಲ. "ಬಾಮ್ ಹಚ್ಚಿಕೋ, ಡ್ಯೂಟಿಗೆ ಬಾ" ಅಷ್ಟೇ.

ಎತ್ತರ ಹೊಂದಿಸುವ ಮಂಚ, ಎತ್ತಲಿಕ್ಕೆ ಇನ್ನೊಬ್ಬ ಆಳು, ನಡುವೆ ವಿರಾಮ – ಇದು ಭಿಕ್ಷೆ ಅಲ್ಲ, ಹಕ್ಕು.

ಗುಮಾಸ್ತನಾಗಿ ಒಂದು ಮಾತು: ಫೈಲಿನಲ್ಲಿ ಇಲ್ಲದ ನೋವು ಸರ್ಕಾರಕ್ಕೆ ಕಾಣಂಗಿಲ್ಲ. ನೋವು ಬಂದ ದಿನವೇ ಅರ್ಜಿ ಬರೀರಿ, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ರಿ. ಬರೆಯಲು ನಾ ಬರ್ತೀನಿ.